ಎರಡು ಸಲ ಕರಗಿದ ಪುಡಿ

ಕೇಳುಗರಿಗೆ ನಮಸ್ಕಾರ. ಅಂಗಡಿಯಲ್ಲಿ ಗಲ್ಲಾದ ಮುಂದೆ ಕೂತು ರೇಡಿಯೊ ಕೇಳುತ್ತಿರುವವರು ಪಕ್ಕದ ಕ್ಯಾಲ್ಕುಲೇಟರನ್ನು ಕೈಗೆ ತೆಗೆದುಕೊಳ್ಳಿ. ಆ ಕಪ್ಪು ಅಂಕಿಗಳ ಹಿಂದೆ ಬಲ್ಬು ಗಿಲ್ಬು ಏನೂ ಇಲ್ಲ. ಎರಡು ಗಾಜಿನ ನಡುವೆ ಕೂದಲೆಳೆಗಿಂತ ತೆಳ್ಳಗೆ ಒಂದು ದ್ರವ ಇದೆ, ಅಷ್ಟೇ. ಅದೇ ದ್ರವ ಸ್ಫಟಿಕ, ಅಂದರೆ ಅಣುಗಳು ಸಾಲಾಗಿ ನಿಂತೇ ಹರಿಯುವ ದ್ರವ. ಹರಿಯುತ್ತದೆ, ಆದರೆ ಸಾಲು ಬಿಡುವುದಿಲ್ಲ. ಇವತ್ತು ಇದೊಂದು ಮಾತು ನೆನಪಿಟ್ಟುಕೊಂಡರೆ ಸಾಕು.

1888ರ ಕಥೆ ಹೇಳುತ್ತೇನೆ. ಪ್ರಾಗ್‌ನಲ್ಲಿ ಫ್ರೀಡ್ರಿಕ್ ರೈನಿಟ್ಸರ್ ಅಂತ ಒಬ್ಬ ಸಸ್ಯವಿಜ್ಞಾನಿ. ಕ್ಯಾರೆಟ್‌ನಲ್ಲಿರುವ ಕೊಲೆಸ್ಟೆರಾಲ್ ಎಂಥದ್ದು ಅಂತ ನೋಡಲು ಹೊರಟವನು, ಅದರಿಂದ ಮಾಡಿದ ಬಿಳಿ ಪುಡಿಯೊಂದನ್ನು ಕಾಯಿಸಿದ. 145.5 ಡಿಗ್ರಿಗೆ ಕರಗಿತು. ಆದರೆ ತಿಳಿಯಾಗಲಿಲ್ಲ, ಅಕ್ಕಚ್ಚಿನ ಹಾಗೆ ಮಬ್ಬಾಗಿ ನಿಂತಿತು. ಇನ್ನೂ ಕಾಯಿಸಿದ. 178.5ಕ್ಕೆ ಫಳಕ್ಕನೆ ತಿಳಿಯಾಯಿತು! ನೀವೇ ಹೇಳಿ, ಮಂಜುಗಡ್ಡೆ ಎಲ್ಲಾದರೂ ಎರಡು ಸಲ ಕರಗುತ್ತದೆಯೇ? ಬೇರೆಯವರಾಗಿದ್ದರೆ ಪುಡಿ ಕಲಬೆರಕೆ ಅಂತ ಚೆಲ್ಲಿಬಿಡುತ್ತಿದ್ದರು. ಈತ ಚೆಲ್ಲಲಿಲ್ಲ, ಜರ್ಮನಿಯ ಭೌತವಿಜ್ಞಾನಿ ಓಟೋ ಲೇಮನ್‌ಗೆ ಕಾಗದ ಬರೆದ, ಜೊತೆಗೆ ಪುಡಿಯನ್ನೂ ಕಳಿಸಿದ. ಲೇಮನ್ ಬಳಿ ಕಾಯಿಸುತ್ತಲೇ ನೋಡಬಹುದಾದ ಸೂಕ್ಷ್ಮದರ್ಶಕ ಇತ್ತು. ನೋಡಿದರೆ ಆ ಮಬ್ಬು ದ್ರವ ಬೆಳಕಿನ ಜೊತೆ ಥೇಟ್ ಹರಳಿನಂತೆ ಆಡುತ್ತಿದೆ! ಹರಿಯುತ್ತದೆ, ಆದರೆ ಸಾಲು ಬಿಡುವುದಿಲ್ಲ. ಆಮೇಲೂ ಎಷ್ಟೋ ವರ್ಷ ದೊಡ್ಡ ದೊಡ್ಡವರು ನಂಬಲಿಲ್ಲ. ಇಂದಿಗೂ ಶಾಲೆಗಳಲ್ಲಿ ಘನ, ದ್ರವ, ಅನಿಲ ಮೂರೇ ಅಂತ ಉರು ಹೊಡೆಸುವುದು ಕಂಡರೆ ನನಗೆ, ಕ್ಷಮಿಸಿ, ಸ್ವಲ್ಪ ರೇಗುತ್ತದೆ.

ಕಥೆಯಲ್ಲೇ ಹೊತ್ತು ಹೋಯಿತು. ನಮ್ಮ ಬೆಂಗಳೂರಿನ ವಿಷಯ ಹೇಳದೆ ಎದ್ದುಹೋಗಲಾರೆ. ಅಲ್ಲಿಯವರೆಗೆ ಗೊತ್ತಿದ್ದ ದ್ರವ ಸ್ಫಟಿಕಗಳಲ್ಲೆಲ್ಲ ಇದ್ದದ್ದು ಕಡ್ಡಿಯಂಥ ಅಣುಗಳು. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಸದಾಶಿವ, ಸುರೇಶ್ ಮೂವರೂ ಸೇರಿ ಬಿಲ್ಲೆಯಂಥ ಅಣುಗಳೂ ಹೀಗೇ ನಡೆದುಕೊಳ್ಳುತ್ತವೆ ಅಂತ ತೋರಿಸಿದರು. ತಟ್ಟೆ ಇಡ್ಲಿ ಒಂದರ ಮೇಲೊಂದು ಪೇರಿಸಿದ ಹಾಗೆ ಕಂಬ ಕಂಬವಾಗಿ ನಿಲ್ಲುತ್ತವೆ. ದ್ರವ ಸ್ಫಟಿಕದ ಕೆಲವು ಪರದೆಗಳನ್ನು ಓರೆಯಿಂದ ನೋಡಿದರೂ ಚಿತ್ರ ಮಾಸದಿರಲೆಂದು ಅಂಟಿಸುವ ಹಾಳೆಯಲ್ಲಿ ಇಂಥವೇ ಬಿಲ್ಲೆ ಅಣುಗಳಿವೆ.

ಕ್ಯಾಲ್ಕುಲೇಟರ್ ಇನ್ನೂ ಕೈಯಲ್ಲಿದೆ ತಾನೆ? ಅದರ ಎರಡು ಗಾಜುಗಳ ಹೊರಗೆ ಒಂದೊಂದು ಪೋಲರಾಯ್ಡ್ ಹಾಳೆ ಇದೆ, ಒಂದೊಂದೂ ಒಂದೊಂದು ದಿಕ್ಕಿನ ಬೆಳಕನ್ನಷ್ಟೇ ಬಿಡುತ್ತದೆ. ಒಳಗಿನ ಕಡ್ಡಿ ಅಣುಗಳು ಸುರುಳಿ ಮೆಟ್ಟಿಲಿನಂತೆ ತಿರುಗಿ ನಿಂತು ಬೆಳಕನ್ನೂ ತಿರುಗಿಸಿ ದಾಟಿಸುತ್ತವೆ. ನೀವು ಗುಂಡಿ ಒತ್ತಿದಾಗ ಕರೆಂಟು ತಾಗಿದ ಕಡೆ ನೆಟ್ಟಗಾಗುತ್ತವೆ, ಬೆಳಕು ದಾಟುವುದಿಲ್ಲ, ಅಂಕಿ ಕಪ್ಪಾಗಿ ಮೂಡುತ್ತದೆ. ಮನೆಯಲ್ಲಿ ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಇದ್ದರೆ ಅಂಕಿಗಳ ಮೇಲೆ ಹಿಡಿದು ಮೆಲ್ಲಗೆ ತಿರುಗಿಸಿ. ಒಂದು ಕಡೆ ಬರುವಷ್ಟರಲ್ಲಿ ಇಡೀ ಪರದೆ ಕಪ್ಪಾಗುತ್ತದೆ. ಮಕ್ಕಳನ್ನೂ ಕೂಗಿ ತೋರಿಸಿ. ನಮಸ್ಕಾರ.