ನಿಮ್ಮ ಇಮೇಲ್ ಯಾರ ಕೈಯಲ್ಲಿದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಹೊಸದಾಗಿ ಕಂಪ್ಯೂಟರ್ ಕಲಿಯುವವರಿಗೆ ನಾಲ್ಕು ಮಾತು ಹೇಳಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ಹೇಳುವುದು ಬೇಕಾದಷ್ಟಿದೆ. ಆದರೆ ಇವತ್ತು ನಾನು ಒಂದೇ ವಿಷಯ ಹಿಡಿದುಕೊಂಡು ಬಂದಿದ್ದೇನೆ. ನಿಮ್ಮ ಇಮೇಲ್ ನಿಮ್ಮ ಕೈಯಲ್ಲೇ ಇರಬೇಕು. ಅದರ ವಿಳಾಸ ನಿಮಗೆ ಬಾಯಿಗೆ ಬರಬೇಕು. ಪಾಸ್‌ವರ್ಡ್ ನಿಮಗೆ ಗೊತ್ತಿರಬೇಕು. ಅದಕ್ಕೆ ಕೊಟ್ಟಿರುವ ಫೋನ್ ನಂಬರ್ ನಿಮ್ಮದೇ ಆಗಿರಬೇಕು. ಇಷ್ಟಾದರೆ ಮಿಕ್ಕಿದ್ದನ್ನು ನಿಧಾನವಾಗಿ ಕಲಿಯಬಹುದು.

ನಾನು ಸಂಜೆ ಹೊತ್ತು ನಮ್ಮೂರಿನ ಗ್ರಂಥಾಲಯದಲ್ಲಿ ಕಂಪ್ಯೂಟರ್ ಹೇಳಿಕೊಡುತ್ತೇನೆ. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವ ಹೆಂಗಸರು ಬರುತ್ತಾರೆ, ರಿಟೈರಾದ ಮೇಷ್ಟ್ರುಗಳು ಬರುತ್ತಾರೆ, ಪಿಯುಸಿ ಮುಗಿಸಿದ ಮಕ್ಕಳು ಬರುತ್ತಾರೆ. ಇಮೇಲ್ ಇದೆಯಾ ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ಏನದು ಹೇಳಿ ಅಂದರೆ, "ಅದು ಸೈಬರ್‌ನವರಿಗೆ ಗೊತ್ತು ಮೇಡಂ" ಅನ್ನುತ್ತಾರೆ. ಇಲ್ಲವಾದರೆ, "ಅದನ್ನೆಲ್ಲ ನನ್ನ ಮಗ ನೋಡ್ಕೋತಾನೆ". ಹೊಲ ನಿಮ್ಮದು, ಉಳುವವರೂ ನೀವೇ, ಪಹಣಿ ಮಾತ್ರ ಯಾರದೋ ಹೆಸರಲ್ಲಿದೆ ಅಂದರೆ ನಿಮಗೆ ನಿದ್ದೆ ಬರುತ್ತಾ? ಇಮೇಲ್ ವಿಷಯದಲ್ಲಿ ಮಾತ್ರ ಅಷ್ಟು ನಿಶ್ಚಿಂತೆಯಾಗಿ ಇರುತ್ತೀರಲ್ಲ, ಅದು ನನಗೆ ಅರ್ಥವಾಗುವುದಿಲ್ಲ.

ಹೋದ ವರ್ಷ ನಡೆದದ್ದು ಹೇಳುತ್ತೇನೆ. ಡಿಪ್ಲೊಮಾ ಮುಗಿಸಿದ ಒಬ್ಬ ಹುಡುಗಿ ಅಪ್ಪನ ಜೊತೆ ಬಂದಳು. ಅವಳೂ ಅವಳ ಗೆಳತಿಯೂ ಒಂದೇ ಕಂಪನಿಗೆ ಅರ್ಜಿ ಹಾಕಿದ್ದರು. ಗೆಳತಿಗೆ ಇಂಟರ್‌ವ್ಯೂಗೆ ಕರೆ ಬಂತು, ಇವಳಿಗೆ ಬರಲಿಲ್ಲ. "ಮೇಲ್ ಬಂದಿರುತ್ತೆ ನೋಡೇ" ಅಂತ ಗೆಳತಿ ಹೇಳಿದ್ದಳು. ಇವಳ ಫೋನಿನಲ್ಲಿ ಒಂದು ಇಮೇಲ್ ಇತ್ತು, ಯೂಟ್ಯೂಬ್ ನೋಡಲು ಅಣ್ಣ ಹಾಕಿಕೊಟ್ಟದ್ದು. ಅರ್ಜಿಯಲ್ಲಿದ್ದದ್ದು ಅದಲ್ಲ. ಎಸ್ಸೆಸ್ಸೆಲ್ಸಿ ಮುಗಿದಾಗ ವಿದ್ಯಾರ್ಥಿವೇತನಕ್ಕೆ ಅಂತ ಸೈಬರ್ ಅಂಗಡಿಯ ಹುಡುಗ ಮಾಡಿಕೊಟ್ಟಿದ್ದ ಇಮೇಲ್ ಅದು. ಅಲ್ಲಿಂದ ಈಚೆಗೆ ಪ್ರತಿ ಅರ್ಜಿಯಲ್ಲೂ ಅದನ್ನೇ ಬರೆಯುತ್ತ ಬಂದಿದ್ದಳು. ಒಮ್ಮೆಯೂ ಒಳಗೆ ಹೋಗಿ ನೋಡಿರಲಿಲ್ಲ.

ಸರಿ, ಕೂತೆವು. ಈ ಅಂಗಡಿಗಳಲ್ಲಿ ಸಾಮಾನ್ಯವಾಗಿ ಹೆಸರು ಬರೆದು, ಅಟ್ ಗುರುತು (@) ಹಾಕಿ, 123 ಅಂತ ಪಾಸ್‌ವರ್ಡ್ ಇಡುತ್ತಾರೆ. ಹಾಕಿ ನೋಡಿದೆವು, ಆಗಲಿಲ್ಲ. ಹುಟ್ಟಿದ ದಿನ, ಅಪ್ಪನ ಫೋನ್ ನಂಬರ್, ಅದೂ ಆಗಲಿಲ್ಲ. ಪಾಸ್‌ವರ್ಡ್ ಮರೆತಿದ್ದೇನೆ ಅನ್ನುವುದನ್ನು ಒತ್ತಿದೆವು. ನಿಮ್ಮ ಫೋನಿಗೆ ಕೋಡ್ ಕಳಿಸುತ್ತೇವೆ ಅಂತ ಬಂತು. ಇಂಥ ಕಡೆ ಪೂರ್ತಿ ನಂಬರ್ ತೋರಿಸುವುದಿಲ್ಲ. ಸಾಲಾಗಿ ಚುಕ್ಕಿ, ಕೊನೆಯಲ್ಲಿ ಎರಡೇ ಅಂಕಿ. 47 ಅಂತ ಇತ್ತು. ಅಪ್ಪ ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿ ನೋಡಿದರು. "ನಮ್ಮ ಮನೇಲಿ ಯಾರದೂ ಈ ನಂಬರ್ ಅಲ್ಲವಲ್ಲ ಮೇಡಂ" ಅಂದರು.

ಆ ಸೈಬರ್ ಅಂಗಡಿ ಹುಡುಕಿಕೊಂಡು ಹೋದರೆ ಅಲ್ಲಿ ಈಗ ಬೇಕರಿ. ಪಕ್ಕದ ಜೆರಾಕ್ಸ್ ಅಂಗಡಿಯವರು ಆ ಹುಡುಗನ ಈಗಿನ ನಂಬರ್ ಕೊಟ್ಟರು. ಪಾಪ, ಒಳ್ಳೆಯ ಹುಡುಗ. ಬೆಂಗಳೂರಿನ ಪೀಣ್ಯದಲ್ಲಿ ಕೆಲಸದಲ್ಲಿದ್ದಾನೆ. "ಆಗ ಎಲ್ಲರಿಗೂ ನನ್ನ ನಂಬರನ್ನೇ ಹಾಕ್ತಿದ್ದೆ ಮೇಡಂ, ಕ್ಯೂ ಜಾಸ್ತಿ ಇರ್ತಿತ್ತು, ಒಟಿಪಿ ಬೇಗ ಸಿಗ್ಲಿ ಅಂತ. ಆ ಸಿಮ್ ರೀಚಾರ್ಜ್ ಮಾಡಿಸದೆ ಬಿಟ್ಟುಬಿಟ್ಟೆ" ಅಂದ. ಅವನ ಮನಸ್ಸಿನಲ್ಲಿ ಮೋಸ ಇರಲಿಲ್ಲ. ಆದರೆ ನಮ್ಮ ದೇಶದಲ್ಲಿ ನಿಂತುಹೋದ ಮೊಬೈಲ್ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಯವರು ಬೇರೆಯವರಿಗೆ ಕೊಡಬಹುದು. ಕೊಟ್ಟೂ ಆಗಿತ್ತು. ಆ ನಂಬರಿಗೆ ಮಾಡಿದರೆ ಯಾರೋ ಹೆಂಗಸು ಎತ್ತಿದರು. ಅಪ್ಪ ಎಲ್ಲ ಕಥೆ ಹೇಳಿ, "ಅಕ್ಕಾ, ನಿಮ್ಮ ಫೋನಿಗೆ ಒಂದು ನಂಬರ್ ಬರುತ್ತೆ, ಅದನ್ನೊಂದು ಹೇಳಿಬಿಡಿ" ಅಂತ ಕೇಳಿಕೊಂಡರು. ಆಕೆ, "ಒಟಿಪಿ ಯಾರಿಗೂ ಹೇಳಬಾರದು ಅಂತಾರೆ, ನಾನು ಹೇಳಲ್ಲ" ಅಂದು ಫೋನ್ ಇಟ್ಟುಬಿಟ್ಟರು.

ಆಕೆ ಮಾಡಿದ್ದು ನೂರಕ್ಕೆ ನೂರು ಸರಿ. ನಮ್ಮ ಕಷ್ಟ ನಿಜವೇ ಆಗಿತ್ತು, ಆದರೂ ಆಕೆ ಮಾಡಿದ್ದೇ ಸರಿ. ಫೋನಿನಲ್ಲಿ ಗೋಳು ಹೇಳಿಕೊಂಡು ಒಟಿಪಿ ಕೇಳುವವರಲ್ಲಿ ನಿಜದವರು ಯಾರು, ಕಳ್ಳರು ಯಾರು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಆ ತಾಯಿ ಈ ಕಾರ್ಯಕ್ರಮ ಕೇಳುತ್ತಿದ್ದರೆ, ಇಲ್ಲಿಂದಲೇ ಕೈ ಮುಗಿಯುತ್ತೇನೆ.

ಆ ಇಮೇಲ್ ಸಿಗಲಿಲ್ಲ. ಇಂಟರ್‌ವ್ಯೂ ದಿನ ಕಳೆದುಹೋಯಿತು. ಹುಡುಗಿ ಹೊಸ ಇಮೇಲ್ ಮಾಡಿಕೊಂಡಳು. ನಾನು ಕೀಬೋರ್ಡ್ ಮುಟ್ಟಲಿಲ್ಲ, ಪಕ್ಕದಲ್ಲಿ ಕೂತೆ, ಅಷ್ಟೇ. ಆಮೇಲೆ ಬ್ಯಾಂಕು, ಪ್ಯಾನ್ ಕಾರ್ಡು, ಓದಿದ ಕಾಲೇಜು, ಹಾಕಿದ್ದ ಬೇರೆ ಅರ್ಜಿಗಳು ಅಂತ ಒಂದೊಂದು ಕಡೆಯೂ ಹೋಗಿ ಹಳೆಯ ವಿಳಾಸ ತೆಗೆಸಿ ಹೊಸದು ಹಾಕಿಸಬೇಕಾಯಿತು. ಎಷ್ಟು ಓಡಾಟ, ಹೇಳಿ.

ಇಷ್ಟು ಓಡಾಟ ನಿಮಗೆ ಬರಬಾರದು. ಈಗ ಹೇಳುವುದನ್ನು ಫೋನ್ ಕೈಯಲ್ಲಿ ಹಿಡಿದೇ ಕೇಳಿ. ಜಿಮೇಲ್ ತೆರೆಯಿರಿ. ಮೇಲೆ ಬಲಗಡೆ ಮೂಲೆಯಲ್ಲಿ ಗುಂಡಗೆ ನಿಮ್ಮ ಫೋಟೋ ಅಥವಾ ಹೆಸರಿನ ಮೊದಲ ಅಕ್ಷರ ಇರುತ್ತದೆ. ಅದನ್ನು ಒತ್ತಿ. ಅಲ್ಲಿ ಕಾಣುವುದೇ ನಿಮ್ಮ ವಿಳಾಸ, ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಅದರ ಕೆಳಗೇ ಗೂಗಲ್ ಅಕೌಂಟ್ ಅಂತ ಇರುತ್ತದೆ, ಒತ್ತಿ. ಸೆಕ್ಯುರಿಟಿ ಅನ್ನುವ ಕಡೆ ಹೋಗಿ. ಅಲ್ಲಿ ರಿಕವರಿ ಫೋನ್ ಅಂತ ಇದೆಯಲ್ಲ, ಪಾಸ್‌ವರ್ಡ್ ಮರೆತಾಗ ಕೋಡ್ ಬರುವ ನಂಬರ್ ಅದು, ಆ ಹುಡುಗಿಯ ಕಥೆಯೆಲ್ಲ ನಡೆದದ್ದು ಅದೊಂದರಿಂದ. ಅಲ್ಲಿರುವ ನಂಬರ್ ನಿಮ್ಮದಾ ನೋಡಿ. ಅಲ್ಲದಿದ್ದರೆ ಇವತ್ತೇ ಬದಲಾಯಿಸಿ. ಅದೇ ಜಾಗದಲ್ಲಿ ನಿಮ್ಮ ಖಾತೆ ಯಾವ್ಯಾವ ಫೋನು, ಕಂಪ್ಯೂಟರಿನಲ್ಲಿ ತೆರೆದಿದೆ ಅನ್ನುವ ಪಟ್ಟಿಯೂ ಇರುತ್ತದೆ. ಗುರುತಿಲ್ಲದ್ದು ಕಂಡರೆ ಸೈನ್ ಔಟ್ ಮಾಡಿ. ಆಮೇಲೆ ಪಾಸ್‌ವರ್ಡ್ ಬದಲಾಯಿಸಿ.

ಪಾಸ್‌ವರ್ಡ್ ಮರೆತುಹೋಗುತ್ತೆ ಮೇಡಂ ಅನ್ನುತ್ತೀರಿ. ಉದ್ದ ಇಡಿ, ಮರೆಯುವುದಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಕೂಡಿಸಿ ಬರೆಯಿರಿ. ಮಕ್ಕಳ ಹೆಸರು, ಹುಟ್ಟಿದ ದಿನ, ಗಾಡಿ ನಂಬರ್ ಬೇಡ. ಇಮೇಲಿಗೆ ಇಟ್ಟದ್ದನ್ನು ಬೇರೆಲ್ಲೂ ಇಡಬೇಡಿ. ಪುಸ್ತಕದಲ್ಲಿ ಬರೆದಿಟ್ಟುಕೊಂಡರೂ ಪರವಾಗಿಲ್ಲ, ಬ್ಯಾಂಕಿನ ಪಾಸ್‌ಬುಕ್ ಇಡುವ ಕಡೆ ಇಡಿ. ಯಾರಿಗೂ ಗೊತ್ತಾಗದಂತೆ ಮುಚ್ಚಿಟ್ಟು ತಾವೇ ಮರೆಯುವುದಕ್ಕಿಂತ ಅದು ವಾಸಿ. ಇನ್ನೊಂದು ವಿಷಯ, ತಿಂಗಳಿಗೊಮ್ಮೆಯಾದರೂ ಒಳಗೆ ಹೋಗಿ ನೋಡಿ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಗೂಗಲ್‌ನವರು ಅಳಿಸಿಬಿಡಬಹುದು.

ಮಕ್ಕಳಿಂದ ಕಲಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಫೋನ್ ಅವರ ಕೈಗೆ ಕೊಟ್ಟು "ನೀನೇ ಮಾಡಪ್ಪ" ಅನ್ನಬೇಡಿ. ನಿಮ್ಮ ಬೆರಳು ಓಡಲಿ. ನಿಧಾನವಾದರೆ ಆಗಲಿ, ಎಲ್ಲಿಗೆ ಅವಸರ? ಸೈಬರ್‌ಗೂ ಹೋಗಿ, ಗ್ರಾಮ ಒನ್‌ಗೂ ಹೋಗಿ, ಅರ್ಜಿ ಹಾಕಿಸಿ. ಇಮೇಲ್ ಕೇಳುವ ಜಾಗದಲ್ಲಿ ನಿಮ್ಮದನ್ನು ನೀವೇ ಹೇಳಿ. "ಇಲ್ಲ, ನಾನೊಂದು ಹಾಕ್ತೀನಿ ಬಿಡಿ" ಅಂದರೆ ಒಪ್ಪಬೇಡಿ.

ಅಯ್ಯೋ, ಗಡಿಯಾರ ನೋಡಿ ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಬೇಗ ಹೇಳುತ್ತೇನೆ.

ಇಮೇಲ್ ವಿಳಾಸದ ಮುಂದೆ ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಬರೆಯಬೇಡಿ, ಅದು ವೆಬ್‌ಸೈಟಿಗೆ. ನಡುವೆ ಜಾಗ ಬಿಡಬೇಡಿ. ಜಿಮೇಲ್ ವಿಳಾಸದಲ್ಲಿ ದೊಡ್ಡಕ್ಷರ ಚಿಕ್ಕಕ್ಷರದ ಚಿಂತೆ ಬೇಡ, ಪಾಸ್‌ವರ್ಡಿನಲ್ಲಿ ಮಾತ್ರ ಅದು ಮುಖ್ಯ. ಬರಬೇಕಾದ ಮೇಲ್ ಕಾಣದಿದ್ದರೆ, ಬೇಡದ ಮೇಲ್ ಹೋಗಿ ಬೀಳುವ ಸ್ಪ್ಯಾಮ್ ಅನ್ನುವ ಕಡೆ ನೋಡಿ. 30 ದಿನ ಆದ ಮೇಲೆ ಅಲ್ಲಿಂದ ತಾನಾಗಿಯೇ ಅಳಿಸಿಹೋಗುತ್ತದೆ. 25 ಎಂಬಿಗಿಂತ ದೊಡ್ಡ ಕಡತ ಜಿಮೇಲಿನಲ್ಲಿ ನೇರವಾಗಿ ಹೋಗುವುದಿಲ್ಲ. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಪತ್ರವನ್ನು ಹಾಗೇ ಕಳಿಸಿದರೆ ಆ ಫಾಂಟ್ ಇಲ್ಲದವರಿಗೆ ಕಲಸುಮೇಲೋಗರ ಕಾಣುತ್ತದೆ. ಎಲ್ಲ ಕಡೆಯೂ ಓದಲು ಬರುವ ಯೂನಿಕೋಡಿನಲ್ಲಿ ಟೈಪ್ ಮಾಡಿ, ಇಲ್ಲವೇ ಪಿಡಿಎಫ್ ಮಾಡಿ ಕಳಿಸಿ.

ಮೋಸದ ಮೇಲ್ ಬಗ್ಗೆ ಒಂದೇ ಮಾತು. ಮೇಲೆ ಕಾಣುವ ಹೆಸರು ನಂಬಬೇಡಿ, ಅದನ್ನು ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ಹೆಸರು ಒತ್ತಿದರೆ ಪೂರ್ತಿ ವಿಳಾಸ ಕಾಣುತ್ತದೆ. ಅಟ್ ಗುರುತಿನ ಬಲಗಡೆ ಓದಿ. 1971ರಲ್ಲಿ ರೇ ಟಾಮ್ಲಿನ್ಸನ್ ಅನ್ನುವ ಅಮೆರಿಕದ ಎಂಜಿನಿಯರ್ ಆ ಗುರುತು ಆರಿಸಿದಾಗಿನಿಂದ ಎಡಗಡೆ ಆಳಿನ ಹೆಸರು, ಬಲಗಡೆ ಆತ ಯಾವ ಕಡೆಯವನು ಅನ್ನುವುದು. ಬ್ಯಾಂಕಿನಿಂದ ಅಂತ ಬಂದ ಮೇಲಿನಲ್ಲಿ ಬಲಗಡೆ ಬರೀ ಜಿಮೇಲ್ ಅಂತ ಇದ್ದರೆ, ಅದು ಬ್ಯಾಂಕಿನವರದ್ದಲ್ಲ. ಒಳಗಿನ ಲಿಂಕ್ ಮುಟ್ಟಬೇಡಿ. ಅನುಮಾನ ಬಂದರೆ ನಿಮ್ಮ ಪಾಸ್‌ಬುಕ್ಕಿನಲ್ಲಿರುವ ಶಾಖೆಯ ನಂಬರಿಗೆ ಫೋನ್ ಮಾಡಿ ಕೇಳಿ. ಹಾಗಿದ್ದೂ ದುಡ್ಡು ಹೋಯಿತು ಅಂತ ಗೊತ್ತಾದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೆಳಿಗ್ಗೆ ನೋಡೋಣ ಅಂತ ಕೂರಬೇಡಿ, ಮನೆಯಲ್ಲಿ ಬೈತಾರೆ ಅಂತಲೂ ಕೂರಬೇಡಿ. ಕಳ್ಳರು ಆ ಹಣವನ್ನು ಬೇರೆ ಖಾತೆಗಳಿಗೆ ದಾಟಿಸುವುದರೊಳಗೆ ದೂರು ಮುಟ್ಟಿದರೆ, ತಡೆಹಿಡಿಯುವುದಕ್ಕೆ ಅವಕಾಶ ಇರುತ್ತದೆ.

ನಮಸ್ಕಾರ.