ಅಪ್ಪಾಜಿಯ ಲೆಕ್ಕದ ಪುಸ್ತಕದ ಕೊನೆ ಪುಟ

ದಾವಣಗೆರೆ ಮಂಡಿಪೇಟೆ, ಬೆಳಿಗ್ಗೆ ಒಂಬತ್ತು. ಅಪ್ಪಾಜಿ ಈಗಷ್ಟೇ ಶಟರ್ ಎತ್ತಿದ್ರು. ಮೋಟರ್, ಪಂಪ್‌ಸೆಟ್, ಕೇಬಲ್, ಸ್ಟಾರ್ಟರ್ ನಮ್ಮ ವ್ಯಾಪಾರ. ಅಂಗಡಿಯಲ್ಲಿ ಅಪ್ಪಾಜಿ ಸೇರಿ ಐದು ಜನ. ಗಲ್ಲಾದ ಕೆಳಗಿರೋ ಈ ಕೆಂಪು ರಟ್ಟಿನ ಲೆಕ್ಕದ ಪುಸ್ತಕ ನೋಡಿ. ಇದರ ಕೊನೆ ಪುಟವನ್ನ ಮಸುಕು ಮಾಡಿ ತೋರಿಸ್ತಿದ್ದೀನಿ. ಮೊನ್ನೆ ಮೊನ್ನೆವರೆಗೂ ನಮ್ಮ ಅಂಗಡಿಯ ಅಷ್ಟೂ ಪಾಸ್‌ವರ್ಡ್ ಈ ಒಂದು ಪುಟದಲ್ಲೇ ಇದ್ದವು.

ಜಿಎಸ್‌ಟಿ, ಇ-ವೇ ಬಿಲ್, ಅಂಗಡಿಯ ಜಿಮೇಲ್, ಎರಡು ಕಂಪನಿಯ ಡೀಲರ್ ಪೋರ್ಟಲ್, ಕರೆಂಟ್ ಬಿಲ್, ಟ್ರಾನ್ಸ್‌ಪೋರ್ಟ್ ಬುಕಿಂಗ್, ಇನ್ನೂ ಏನೇನೋ. ಕೂತು ಎಣಿಸಿದ್ರೆ 23 ಖಾತೆ, ಪಾಸ್‌ವರ್ಡ್ ಮಾತ್ರ ನಾಲ್ಕೇ. ಅವುಗಳ ಅಚ್ಚು ಇಷ್ಟೇ: ಅಂಗಡಿ ಹೆಸರು, ಅಟ್ ಚಿಹ್ನೆ, ಅಂಗಡಿ ಶುರುವಾದ ಇಸವಿ. ಆ ಇಸವಿ ಹೊರಗಡೆ ಬೋರ್ಡಿನ ಮೇಲೇ ಇದೆ, ಬೀದಿಯಲ್ಲಿ ಹೋಗೋರೆಲ್ಲ ಓದಬಹುದು.

ಪುಸ್ತಕದಲ್ಲಿ ಬರೆದಿಟ್ಟಿದ್ದೇ ದೊಡ್ಡ ತಪ್ಪು ಅಂತ ನಾನು ಹೇಳೋದಿಲ್ಲ. ಗಲ್ಲಾದ ಕೆಳಗಿನ ಪುಸ್ತಕವನ್ನ ಯಾವ ದೂರದ ಕಳ್ಳನೂ ಓದೋಕಾಗಲ್ಲ. ನಮಗೆ ಪೆಟ್ಟು ಬಿದ್ದಿದ್ದು ಬೇರೆ ಕಡೆಯಿಂದ.

2024ರ ಬೇಸಿಗೆ. ಬೋರ್‌ವೆಲ್ ಸೀಸನ್ ಅಂದ್ರೆ ನಮಗೆ ಊಟ ಮಾಡೋಕೂ ಪುರುಸೊತ್ತಿರಲ್ಲ. ಹರಪನಹಳ್ಳಿ ಕಡೆಗೆ ಒಂದು ಲೋಡ್ ಹೋಗಬೇಕಿತ್ತು. ಐವತ್ತು ಸಾವಿರ ರೂಪಾಯಿ ದಾಟಿದ ಮಾಲು, ಇ-ವೇ ಬಿಲ್ ಇಲ್ಲದೆ ಲಾರಿ ಅಲ್ಲಾಡೋ ಹಾಗಿಲ್ಲ. ಸಂಜೆ ಆರಕ್ಕೆ ಲಾಗಿನ್ ಆಗೋಕೆ ಹೋದ್ರೆ ಪಾಸ್‌ವರ್ಡ್ ತಪ್ಪು ಅಂತ ಬಂತು. ಅಕೌಂಟ್ಸ್ ನೋಡ್ತಿದ್ದ ಅಕ್ಕ ಒಂದು ತಿಂಗಳ ಹಿಂದೆ ಮದುವೆಯಾಗಿ ಕೆಲಸ ಬಿಟ್ಟಿದ್ರು. ಬಿಡೋಕೆ ಮುಂಚೆ ಪಾಸ್‌ವರ್ಡ್ ಬದಲಾಯಿಸಿದ್ರು, ಪುಸ್ತಕದಲ್ಲಿ ಮಾತ್ರ ಹಳೇದೇ ಉಳಿದಿತ್ತು. ಮರೆತಿದ್ದೀನಿ ಅಂತ ಒತ್ತಿದ್ರೆ ಓಟಿಪಿ ಹೋಗಿದ್ದು 2017ರಲ್ಲಿ ನಮಗೆ ಜಿಎಸ್‌ಟಿ ನೋಂದಣಿ ಮಾಡಿಸಿಕೊಟ್ಟವರ ಮೊಬೈಲ್‌ಗೆ. ಅವರ ಫೋನ್ ಸ್ವಿಚ್ ಆಫ್.

ರಾತ್ರಿ ಹತ್ತಕ್ಕೆ ಅಕ್ಕ ಫೋನ್ ಎತ್ತಿದ್ರು. ನೆಂಟರ ಮನೆಯ ಗಲಾಟೆ ಮಧ್ಯೆ, ನೆನಪಿನಿಂದಲೇ ಒಂದೊಂದು ಅಕ್ಷರ ಹೇಳಿದ್ರು. ಅವರದ್ದು ಎಳ್ಳಷ್ಟೂ ತಪ್ಪಿಲ್ಲ. ಆದ್ರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೆಲಸ ಬಿಟ್ಟು ತಿಂಗಳಾದವರ ಕೈಯಲ್ಲಿ ನಮ್ಮ ಅಂಗಡಿ ಇತ್ತು, ಮಾಲೀಕರಾದ ಅಪ್ಪಾಜಿ ಕೈಯಲ್ಲಿರಲಿಲ್ಲ. ಅಕ್ಕ ಒಳ್ಳೆಯವರು, ಹಾಗಾಗಿ ಉಳಿದ್ವಿ. ಅತ್ತ ತೋಟದಲ್ಲಿ ಮೋಟರ್ ಸುಟ್ಟು ಕೂತಿದ್ದ ರೈತ ಒಂದಿಡೀ ರಾತ್ರಿ ನೀರಿಲ್ಲದೆ ಕಾದ.

ಆಮೇಲೆ ಅಪ್ಪಾಜಿ ದಾಖಲೆ ಹಿಡ್ಕೊಂಡು ಹೋಗಿ ಮೊಬೈಲ್ ನಂಬರ್ ಸರಿ ಮಾಡಿಸಿಕೊಂಡು ಬಂದ್ರು. ಇದನ್ನ ಕೇಳ್ತಿರೋ ಅಂಗಡಿಯವರು ಬೇರೇನೂ ಮಾಡದಿದ್ದರೂ ಇದೊಂದನ್ನ ಇವತ್ತೇ ನೋಡಿ: ನಿಮ್ಮ ಖಾತೆಗಳಲ್ಲಿ ಯಾರ ನಂಬರ್ ಇದೆ? 2025ರ ಏಪ್ರಿಲ್ 1ರಿಂದ ಇ-ವೇ ಬಿಲ್ ಲಾಗಿನ್‌ಗೆ ಪಾಸ್‌ವರ್ಡ್ ಜೊತೆ ಓಟಿಪಿ ಕೂಡ ಎಲ್ಲರಿಗೂ ಕಡ್ಡಾಯ. ನಂಬರ್ ಬೇರೆಯವರದ್ದಾದ್ರೆ ಸರಿಯಾದ ಪಾಸ್‌ವರ್ಡ್ ಇದ್ದರೂ ಹೊರಗೇ ನಿಲ್ತೀರಿ.

ಈಗ ಈ ಕಂಪ್ಯೂಟರ್ ನೋಡಿ. ಬ್ರೌಸರ್ ಮೂಲೆಯಲ್ಲಿ ಸಣ್ಣ ಗುರಾಣಿ ಇದೆಯಲ್ಲ, ಅದು ಬಿಟ್‌ವಾರ್ಡನ್, ಎಲ್ಲ ಪಾಸ್‌ವರ್ಡ್‌ಗಳನ್ನ ಒಂದೇ ತಿಜೋರಿಯಲ್ಲಿ ಬೀಗ ಹಾಕಿ ಇಡೋ ಸಾಫ್ಟ್‌ವೇರ್. ಇದು ಯಾರ ಜಾಹೀರಾತೂ ಅಲ್ಲ. ಮೊದಲು ಅಂಥದ್ದೇ ಇನ್ನೊಂದು, ಕೀಪಾಸ್ ಎಕ್ಸ್‌ಸಿ ನೋಡಿದ್ದೆ, ಪೂರ್ತಿ ಉಚಿತ, ಎಲ್ಲ ಒಂದೇ ಫೈಲಿನಲ್ಲಿ ನಮ್ಮ ಹತ್ತಿರವೇ ಇರುತ್ತೆ. ಒಬ್ಬರೇ ನಡೆಸೋ ಅಂಗಡಿಗೆ ಅದು ಸಾಕು. ಐದು ಜನ ಅಂದ್ರೆ ಆ ಫೈಲನ್ನ ಎಲ್ಲರ ಹತ್ತಿರವೂ ಒಂದೇ ರೀತಿ ಇಡೋ ಜವಾಬ್ದಾರಿ ನಮ್ಮ ತಲೆ ಮೇಲೆ ಬೀಳುತ್ತೆ, ಅದಕ್ಕೆ ಬಿಟ್ಟೆ. ಬಿಟ್‌ವಾರ್ಡನ್‌ನಲ್ಲಿ ಇಬ್ಬರು ಹಣ ಕೊಡದೆ ಹಂಚಿಕೊಳ್ಳಬಹುದು, ಹೆಚ್ಚು ಜನ ಆದ್ರೆ ತಲೆಗಿಷ್ಟು ಅಂತ ತಿಂಗಳ ಲೆಕ್ಕ. ಅದರ ಮೂಲ ಕೋಡ್ ತೆರೆದಿಟ್ಟಿದ್ದಾರೆ, ತಿಳಿದವರು ಯಾರು ಬೇಕಾದ್ರೂ ಪರೀಕ್ಷೆ ಮಾಡಬಹುದು.

ಅಪ್ಪಾಜಿ ಕೇಳಿದ ಮೊದಲ ಪ್ರಶ್ನೆ: "ಅಲ್ಲವ್ವಾ, ಎಲ್ಲ ಬೀಗದ ಕೈ ಒಂದೇ ಗೊಂಚಲಿಗೆ ಹಾಕಿ ಬೇರೆಯವರ ಮನೇಲಿ ಇಟ್ರೆ, ಅವರ ಮನೆಗೇ ಕಳ್ಳ ಬಿದ್ರೆ?"

ಈ ಪ್ರಶ್ನೆ ಕೇಳಲೇಬೇಕು, ಯಾಕಂದ್ರೆ ಹಾಗೆ ಆಗಿದೆ. 2022ರಲ್ಲಿ ಇಂಥದ್ದೇ ಸಾಫ್ಟ್‌ವೇರ್ ನಡೆಸೋ ಲಾಸ್ಟ್‌ಪಾಸ್ ಅನ್ನೋ ಕಂಪನಿಯಿಂದ ಗ್ರಾಹಕರ ತಿಜೋರಿಗಳ ಬ್ಯಾಕಪ್ ಪ್ರತಿಗಳನ್ನೇ ಕದ್ದರು. ಕಳ್ಳರು ನುಗ್ಗಿದ್ದು ಅಲ್ಲಿನ ಒಬ್ಬ ಎಂಜಿನಿಯರ್‌ನ ಮನೆಯ ಕಂಪ್ಯೂಟರ್ ಮೂಲಕ. ತಿಜೋರಿಯೊಳಗಿನ ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದವು, ಯಾವ ಯಾವ ವೆಬ್‌ಸೈಟ್ ಅನ್ನೋದು ಮಾತ್ರ ತೆರೆದೇ ಇತ್ತು. ಆ ಲಿಪಿ ಬಿಡಿಸೋ ಕೀಲಿ ಅಂದ್ರೆ ತಿಜೋರಿ ತೆರೆಯೋಕೆ ಗ್ರಾಹಕರು ಇಟ್ಟುಕೊಂಡ ಒಂದೇ ಮಾಸ್ಟರ್ ಪಾಸ್‌ವರ್ಡ್, ಅದು ಕಂಪನಿ ಹತ್ತಿರ ಇರಲೇ ಇಲ್ಲ. ಮಾಸ್ಟರ್ ಪಾಸ್‌ವರ್ಡ್ ಗಟ್ಟಿ ಇದ್ದವರ ತಿಜೋರಿಯನ್ನ ಹೊತ್ತೊಯ್ದರೂ ತೆರೆಯೋದು ಕಷ್ಟ. ಊರ ಹೆಸರು, ಮಗಳ ಹೆಸರು ಇಟ್ಟವರಿಗೆ ಅಪಾಯ. ಇದನ್ನ ಹೇಳಿದ ಮೇಲೆ ಅಪ್ಪಾಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಆ ಒಂದು ಮಾಸ್ಟರ್ ಚೆನ್ನಾಗಿ ಮಾಡು" ಅಂದ್ರು.

ಆ ಒಂದನ್ನ ಮಾಡಿದ ರೀತಿ ನನಗೆ ತುಂಬ ಇಷ್ಟ. 1995ರಲ್ಲಿ ಅರ್ನಾಲ್ಡ್ ರೈನ್‌ಹೋಲ್ಡ್ ಅನ್ನೋರು ಡೈಸ್‌ವೇರ್ ಅಂತ ಒಂದು ವಿಧಾನ ಕೊಟ್ಟರು. ದಾಳ ಉರುಳಿಸಿ, 7776 ಪದಗಳ ಪಟ್ಟಿಯಿಂದ ಪದ ಆರಿಸೋದು. ಪಟ್ಟಿ ಇಂಗ್ಲಿಷ್‌ನದ್ದು, ಅಪ್ಪಾಜಿ ಬಾಯಿಗೆ ಬರೋ ಪದಗಳಲ್ಲ. ಹಾಗಾಗಿ ಮನೆಯಲ್ಲಿದ್ದ ಸಾವಿರಕ್ಕೂ ಹೆಚ್ಚು ಪುಟದ ಕನ್ನಡ ನಿಘಂಟು ಇಳಿಸಿದ್ವಿ. ಕಣ್ಣು ಮುಚ್ಚಿ ತೆರೆದ್ರೆ ಬರೀ ಮಧ್ಯದ ಪುಟಗಳೇ ಬರ್ತವೆ. ಅದಕ್ಕೆ ಅಮ್ಮ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಚೀಟಿ ಬರೆದು ಸ್ಟೀಲ್ ಡಬ್ಬಿಗೆ ಹಾಕಿದ್ರು. ಎತ್ತೋದು, ಅಂಕಿ ಬರೆಯೋದು, ವಾಪಸ್ ಹಾಕಿ ಕುಲುಕೋದು. ಮೂರು ಸಲ ಎತ್ತಿದ್ರೆ ಒಂದು ಪುಟದ ಸಂಖ್ಯೆ. ಮೂರೂ ಸೊನ್ನೆ ಬಂದ್ರೆ ಸಾವಿರನೇ ಪುಟ. ಆ ಪುಟದ ಮೊದಲ ಪದ ನಮ್ಮದು. ಹೀಗೆ ಆರು ಪದ. ಸಾವಿರ ಪುಟ, ಆರು ಸಲ ಅಂದ್ರೆ ಒಂದರ ಮುಂದೆ 18 ಸೊನ್ನೆಯಷ್ಟು ಸಾಧ್ಯತೆ. ಕಂಪ್ಯೂಟರ್ ಬೇಗ ಬೇಗ ಊಹಿಸಿದರೂ ಸುಸ್ತಾಗುವಷ್ಟು.

ಗಾದೆ, ವಚನ, ಹಾಡಿನ ಸಾಲು ಮಾತ್ರ ಬೇಡ. ನಮಗೆ ಬಾಯಿಪಾಠ ಇರೋದು ಲಕ್ಷಾಂತರ ಜನಕ್ಕೂ ಬಾಯಿಪಾಠ ಇರುತ್ತೆ. ಬಂದ ಪದ ಚೆನ್ನಾಗಿಲ್ಲ ಅಂತ ಬದಲಾಯಿಸಲೂಬೇಡಿ. ಅಪ್ಪಾಜಿಗೆ ಬಂದ ಆರರಲ್ಲಿ ಒಂದು ಪದದ ಅರ್ಥ ಅವರಿಗೂ ಗೊತ್ತಿರಲಿಲ್ಲ. ನಿಘಂಟು ಓದಿ ತಿಳ್ಕೊಂಡ್ರು, ಈಗ ಅದೇ ಎಲ್ಲಕ್ಕಿಂತ ಮೊದಲು ನೆನಪಾಗುತ್ತಂತೆ. ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೀತೀವಿ ಅಂತ ಮೊದಲೇ ಒಂದು ರೀತಿ ಗಟ್ಟಿ ಮಾಡ್ಕೊಂಡ್ವಿ, ಇಲ್ಲದಿದ್ರೆ ದೀರ್ಘಕ್ಕೆ ಒಂದು ದಿನ ಒಂದು ಎ, ಇನ್ನೊಂದು ದಿನ ಎರಡು ಎ ಆಗುತ್ತೆ.

ಈ ಪಾಸ್‌ವರ್ಡ್ ಮರೆತರೆ ಕಂಪನಿಗೆ ಫೋನ್ ಮಾಡಿ ಪ್ರಯೋಜನ ಇಲ್ಲ, ಅವರಿಗೂ ಗೊತ್ತಿಲ್ಲ. ಅದಕ್ಕೇ ಒಂದು ಹಾಳೆಯಲ್ಲಿ ಆರು ಪದ, ಫೋನ್ ಕಳೆದ್ರೂ ಒಳಗೆ ಹೋಗೋಕೆ ಬೇಕಾದ ಎರಡನೇ ಹಂತದ ಲಾಗಿನ್‌ನ ರಿಕವರಿ ಕೋಡ್ ಬರೆದು, ಲಕೋಟೆಗೆ ಹಾಕಿ ಅಂಟಿಸಿ ಅಮ್ಮನ ಬೀರುವಿನಲ್ಲಿಟ್ಟಿದ್ದೀವಿ. ಮನೆ ಪತ್ರದ ಜೊತೆ. ನಾಳೆ ಅಪ್ಪಾಜಿ ಆಸ್ಪತ್ರೆಗೆ ಸೇರಿದ್ರೂ ಅಂಗಡಿ ನಡೀಬೇಕಲ್ಲ.

ಉಳಿದ ಪಾಸ್‌ವರ್ಡ್‌ಗಳನ್ನ ಸಾಫ್ಟ್‌ವೇರೇ ಹುಟ್ಟಿಸುತ್ತೆ, ಪ್ರತಿ ಖಾತೆಗೆ ಬೇರೆ. ನಾವು ಯಾರೂ ಓದಿಯೂ ನೋಡಿಲ್ಲ. ಮೊದಲು ಜಿಮೇಲ್ ಬದಲಾಯಿಸಿದ್ವಿ. ಬೇರೆ ಬಹಳಷ್ಟು ಖಾತೆಗಳ ಪಾಸ್‌ವರ್ಡ್ ರೀಸೆಟ್ ಆಗೋದು ಅದೇ ಮೇಲ್‌ಗೆ, ಅದು ಹೋದ್ರೆ ಅವೂ ಹೋದ ಹಾಗೆ. ದಿನಕ್ಕೆ ಮೂರು, ನಾಲ್ಕು ಖಾತೆಯಂತೆ ಒಂದು ವಾರ ಹಿಡೀತು.

ಹಂಚೋದು ಹೀಗೆ. ಜಿಎಸ್‌ಟಿ, ಇ-ವೇ ಬಿಲ್ ಒಂದು ಗುಂಪು, ಅದು ಅಕೌಂಟ್ಸ್‌ನವರಿಗೆ ಮತ್ತು ಅಪ್ಪಾಜಿಗೆ. ಡೀಲರ್ ಪೋರ್ಟಲ್ ಕೌಂಟರ್ ಹುಡುಗರಿಗೆ. ಬ್ಯಾಂಕ್ ಯಾರಿಗೂ ಇಲ್ಲ, ಅಪ್ಪಾಜಿಯ ಸ್ವಂತ ತಿಜೋರಿಯಲ್ಲಿ ಮಾತ್ರ. ಇ-ವೇ ಬಿಲ್‌ನಲ್ಲಿ ಸಬ್ ಯೂಸರ್ ಮಾಡೋ ಅವಕಾಶ ಇದೆ, ಕೆಲಸದವರಿಗೆ ಅವರದ್ದೇ ಲಾಗಿನ್, ಅವರದ್ದೇ ಮೊಬೈಲ್‌ಗೆ ಓಟಿಪಿ. ಹಾಗೆ ಬೇರೆ ಲಾಗಿನ್ ಕೊಡಬಹುದಾದ ಕಡೆ ಪಾಸ್‌ವರ್ಡ್ ಹಂಚಲೇಬೇಡಿ, ಬೇರೆ ಲಾಗಿನ್ನೇ ಕೊಡಿ. ಪಾಸ್‌ವರ್ಡ್ ಕಾಣದ ಹಾಗೆ ಹಂಚೋ ಸೌಲಭ್ಯ ಇದೆ, ಆದ್ರೆ ಬ್ರೌಸರ್ ತುಂಬಿದ ಪಾಸ್‌ವರ್ಡನ್ನ ತಿಳಿದವರು ಓದಬಲ್ಲರು. ಹಾಗಾಗಿ ಯಾರಾದ್ರೂ ಕೆಲಸ ಬಿಟ್ಟರೆ ಅವರನ್ನ ತೆಗೆಯೋದರ ಜೊತೆಗೆ ಅವರ ಗುಂಪಿನ ಪಾಸ್‌ವರ್ಡ್‌ಗಳನ್ನೂ ಅದೇ ದಿನ ಬದಲಾಯಿಸ್ತೀವಿ. ಯಾವ್ಯಾವುದು ಅಂತ ಪಟ್ಟಿ ಕಣ್ಣೆದುರೇ ಇರುತ್ತೆ, ಹತ್ತು ನಿಮಿಷದ ಕೆಲಸ.

ಹೋದ ತಿಂಗಳು ಅಂಗಡಿಗೆ ಜಿಎಸ್‌ಟಿ ರೀಫಂಡ್ ಬಂದಿದೆ ಅಂತ ಒಂದು ಮೇಲ್ ಬಂತು. ಲಿಂಕ್ ಒತ್ತಿದ್ರೆ ಥೇಟ್ ಅದೇ ಪುಟ, ಅದೇ ಬಣ್ಣ. ಹೊಸದಾಗಿ ಸೇರಿದ ಅಕೌಂಟ್ಸ್ ಹುಡುಗಿ ಗುರಾಣಿ ಒತ್ತಿದಳು, ಏನೂ ಬರಲಿಲ್ಲ. ಖಾತೆ ಕಾಣ್ತಿಲ್ಲ ಅಂತ ನನಗೆ ಫೋನ್ ಮಾಡಿದಳು. ಮೇಲಿನ ವಿಳಾಸ ಓದು ಅಂದೆ. ಜಿಎಸ್‌ಟಿ ಡಾಟ್ ಜಿಒವಿ ಡಾಟ್ ಇನ್ ಇರಬೇಕಾದ ಕಡೆ ಬೇರೇನೋ ಇತ್ತು. ಕಣ್ಣು ಬಣ್ಣಕ್ಕೆ ಮೋಸ ಹೋಗುತ್ತೆ, ಸಾಫ್ಟ್‌ವೇರ್ ವಿಳಾಸ ಒಂದನ್ನೇ ನೋಡೋದು. ಅವಳು ಬಾಯಿಪಾಠ ಮಾಡಿದ ಪಾಸ್‌ವರ್ಡ್ ಇದ್ದಿದ್ರೆ ಅಲ್ಲೇ ಟೈಪ್ ಮಾಡಿರ್ತಿದ್ದಳು. ಇನ್ನು ಯಾರಿಗಾದ್ರೂ ಹಣವೇ ಹೋಗಿಬಿಟ್ಟರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಈಗ ಒಂಬತ್ತೂಕಾಲು. ಅಪ್ಪಾಜಿ ದೇವರ ಫೋಟೋಗೆ ಊದುಬತ್ತಿ ಹಚ್ಚಿ ಕಂಪ್ಯೂಟರ್ ಮುಂದೆ ಕೂತ್ರು. ಕನ್ನಡಕ ಹಾಕ್ಕೊಂಡು, ಒಂದೇ ಬೆರಳಲ್ಲಿ, ಒಂದೊಂದು ಪದ ತುಟಿಯಲ್ಲೇ ಹೇಳ್ಕೊಳ್ತಾ ಟೈಪ್ ಮಾಡ್ತಿದ್ದಾರೆ. ನಾನು ಕ್ಯಾಮೆರಾನ ರಸ್ತೆ ಕಡೆ ತಿರುಗಿಸ್ತೀನಿ.