ತಿಪ್ಪೆಗೊಂದು ಒಡ್ಡು, ಗಂಜಲಕ್ಕೊಂದು ಗುಂಡಿ

ನಮಸ್ಕಾರ, ರೈತ ಬಂಧುಗಳೇ, ತಾಯಂದಿರೇ.

ನಮ್ಮ ಹಾವೇರಿ ಸೀಮೆಯಲ್ಲಿ ಎಷ್ಟೋ ಊರುಗಳ ತಿಪ್ಪೆ ಇರುವುದು ಹಳ್ಳದ ದಂಡೆಗೆ. ಬೇಸಿಗೆಯಲ್ಲಿ ತೊಂದರೆ ಏನೂ ಕಾಣುವುದಿಲ್ಲ. ಮುಂಗಾರಿನ ಜೋರು ಮಳೆ ಬಿದ್ದ ದಿನ ಹೋಗಿ ನೋಡಿ. ತಿಪ್ಪೆಯ ಬುಡದಿಂದ ಕಂದು ನೀರು ಹಳ್ಳಕ್ಕೆ ಇಳಿಯುತ್ತಿರುತ್ತದೆ. ಅಲ್ಲಿಂದ ಕೆರೆಗೆ, ಇಲ್ಲವೇ ವರದಾ ನದಿಗೆ. ಹೊಲ ಸೇರಬೇಕಾದ ಸಾರಜನಕ, ರಂಜಕ ಅದರಲ್ಲೇ ಹೋಗುತ್ತವೆ. ಕೆರೆಯಲ್ಲಿ ಅದನ್ನುಂಡು ಪಾಚಿ ಬೆಳೆಯುತ್ತದೆ. ಆ ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಖರ್ಚಾಗಿ ಮೀನು ಸಾಯುತ್ತವೆ.

ನನಗೆ ಇದಕ್ಕಿಂತ ಜಾಸ್ತಿ ಭಯ ನೆಲದೊಳಗೆ ಇಳಿಯುವ ನೀರಿನದು. ಬಾವಿಯ ಪಕ್ಕದಲ್ಲೇ ತಿಪ್ಪೆ ಇದ್ದರೆ ಗೊಬ್ಬರದ ಸಾರಜನಕದಿಂದ ಆಗುವ, ನೀರಿನಲ್ಲಿ ಕರಗುವ ನೈಟ್ರೇಟ್ ಬಸಿದು ಬಾವಿ ಸೇರಬಹುದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ದಾಟಿದ ನೀರಿನಲ್ಲಿ ಪುಡಿ ಹಾಲು ಕಲಸಿ ಕುಡಿಸಿದರೆ, ಆರು ತಿಂಗಳೊಳಗಿನ ಕೂಸಿನ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದಬಹುದು. ತುಟಿ, ಉಗುರು ನೀಲಿಗಟ್ಟುತ್ತವೆ. ತಾಯಂದಿರೇ, ನೀರು ಕಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ. ದಯವಿಟ್ಟು ಬಾವಿ ನೀರು ಪರೀಕ್ಷೆ ಮಾಡಿಸಿ.

ತಿಪ್ಪೆಯನ್ನು ಬಾವಿ, ಹಳ್ಳದಿಂದ ದೂರ, ಸ್ವಲ್ಪ ಎತ್ತರದಲ್ಲಿ ಹಾಕಿ. ಸುತ್ತ ಒಂದು ಒಡ್ಡು, ಮಳೆಗಾಲಕ್ಕೆ ಮೇಲೊಂದು ತಾಡಪತ್ರಿ.

ಇನ್ನು ಗಂಜಲ. ಸಗಣಿಯನ್ನು ಜೋಪಾನ ಮಾಡುವ ನಾವು ಗಂಜಲವನ್ನು ಸುಮ್ನೆ ಬಿಟ್ಟುಬಿಡುತ್ತೇವೆ, ಅಲ್ವಾ? ಅದರಲ್ಲಿರುವುದು ಯೂರಿಯಾ. ನಾವು ಅಂಗಡಿಯಲ್ಲಿ ಚೀಲದ ಲೆಕ್ಕದಲ್ಲಿ ಕೊಳ್ಳುವ ಅದೇ ಯೂರಿಯಾ. ಬೆಳಗ್ಗೆ ಕೊಟ್ಟಿಗೆ ಹೊಕ್ಕಾಗ ಕಣ್ಣು ಉರಿಸುವ ವಾಸನೆ ಇದೆಯಲ್ಲ, ಅದು ಆ ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುವ ವಾಸನೆ. ನೆಲಕ್ಕೆ ಇಳಿಜಾರು ಕೊಟ್ಟು ಗಂಜಲವನ್ನು ಗುಂಡಿಗೆ ಹರಿಸಿ. ಅದಾಗದಿದ್ದರೆ ದನದ ಕಾಲಡಿ ಒಣ ಹೊಟ್ಟು, ಕತ್ತರಿಸಿದ ಗೋವಿನಜೋಳದ ದಂಟು ಹಾಸಿ. ಹೀರಿಕೊಂಡ ಮೇಲೆ ತಿಪ್ಪೆಗೆ ಹಾಕಿ.

ತಿಪ್ಪೆ ಹದವಾಗಿದೆಯೇ ಎಂದು ತಿಳಿಯಲು ಒಂದು ಮುಷ್ಟಿ ಹಿಂಡಿ. ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ನೀರು ಜಾಸ್ತಿಯಾದರೆ ಗಾಳಿ ಆಡದೆ ಮೀಥೇನ್ ಹುಟ್ಟುತ್ತದೆ. ಭೂಮಿಯ ಬಿಸಿ ಏರಿಸುವ ಅನಿಲ ಅದು. ನಾಲ್ಕೈದು ದನ ಇದ್ದವರು ಅದೇ ಮೀಥೇನನ್ನು ಗೋಬರ್ ಗ್ಯಾಸ್ ಮಾಡಿ ಒಲೆಗೆ ಬಳಸಬಹುದು. 2 ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕೆಜಿ ಸಗಣಿ ಬೇಕು. ಹೊರಬರುವ ರಾಡಿಯನ್ನು ಗಟಾರಕ್ಕೆ ಬಿಡಬೇಡಿ. ಅದು ಒಳ್ಳೆಯ ಗೊಬ್ಬರ.

ಹುಬ್ಬಳ್ಳಿ-ಧಾರವಾಡದ ಪೇಟೆಯೊಳಗೆ ಎಮ್ಮೆ ಕಟ್ಟಿದವರಿಗೆ ಒಂದೇ ಮಾತು. ಮೊದಲು ಸಗಣಿ ಬಾಚಿ ಎತ್ತಿ, ಆಮೇಲೆ ಪೈಪ್ ಹಿಡಿಯಿರಿ.

ಹೊಲಕ್ಕೆ ಸಾಗಿಸಿದ ಗೊಬ್ಬರವನ್ನು ಗುಡ್ಡೆ ಹಾಕಿ ವಾರಗಟ್ಟಲೆ ಬಿಸಿಲಿಗೆ ಬಿಡಬೇಡಿ. ಇಳಿಸಿದ ದಿನವೇ ಹರಡಿ, ಅವತ್ತೇ ಕುಂಟೆ ಹೊಡೆದು ಮಣ್ಣಿಗೆ ಸೇರಿಸಿ. ನಮಸ್ಕಾರ.